ಉಳಿದ ಹಣಕ್ಕೆ ಕಾರಣ ಕೇಳಿದವರು

ಕುಸುಮಾ ಮೇಡಂಗೆ ಒಂದು ಕಾಗದದ ಮೇಲೆ ನಂಬಿಕೆ ಬರಲಿಲ್ಲವೆಂದರೆ ಕನ್ನಡಕ ತೆಗೆದು ಅದರ ಮೇಲೆ ಬೋರಲು ಇಡುತ್ತಿದ್ದರು. ಆಮೇಲೆ ಒಂದೇ ಮಾತು: "ಯಾಕ?" ಈ ಪ್ರಶ್ನೆಗೆ ನಾನು ಆರು ವರ್ಷ ಹೆದರಿದ್ದೇನೆ. ಎದೆಯ ಮೇಲೆ ಪದಕ ಸಾಲಾಗಿ ತೂಗುಹಾಕಿಕೊಂಡ ಕರ್ನಲ್‌ಗಳೂ ಹೆದರಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅವರು ಧಾರವಾಡದ ಮಾಳಮಡ್ಡಿಯವರು. ಆಫ್ರಿಕದ ಒಂದು ದೇಶದಲ್ಲಿ ಬೀಡುಬಿಟ್ಟಿದ್ದ ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆಯಲ್ಲಿ ಬಜೆಟ್ ವಿಭಾಗದ ಮುಖ್ಯಸ್ಥೆ. ನಾನು ತಾರಿಹಾಳದ ಒಂದು ಪಂಪಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಹೇಗೋ ಪರೀಕ್ಷೆ ಪಾಸಾಗಿ ಅವರ ಕೈಕೆಳಗೆ ಹೋಗಿ ಬಿದ್ದೆ. ಹೋದ ದಿನವೇ ಯಾವ ಊರು ಎಂದು ಕೇಳಿದರು. ಹುಬ್ಬಳ್ಳಿ, ನವನಗರ ಅಂದೆ. "ಹಂಗಾದ್ರ ಇನ್ನ ಮ್ಯಾಲೆ ನಿನಗ ಇಂಗ್ಲಿಷಿನ್ಯಾಗ ಅಡಗಿಕೊಳ್ಳಲಿಕ್ಕೆ ಬರೂದಿಲ್ಲ, ತಿಳೀತಿಲ್ಲೊ?" ಅಂದರು. ತಿಳಿಯಲಿಲ್ಲ. ಸುಮ್ಮನೆ ಹೌದ್ರಿ ಅಂದೆ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ವರ್ಷದ ಮೊದಲಿಗೆ ಡೀಸೆಲ್ಲಿಗೆ ಇಷ್ಟು, ಹೆಲಿಕಾಪ್ಟರಿಗೆ ಇಷ್ಟು, ಊಟಕ್ಕೆ ಇಷ್ಟು ಎಂದು ದುಡ್ಡು ಕೊಡುವ ದೇಶಗಳ ಸಮಿತಿಗೆ ಕೇಳಿರುತ್ತೇವೆ. ವರ್ಷದ ಕೊನೆಗೆ ಖರ್ಚು ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ಯಾಕೆಂದು ಬರೆದುಕೊಡಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ತಯಾರಾದ ವಾಕ್ಯಗಳಿವೆ. ಹಳೆಯ ವರದಿಯಿಂದ ಎತ್ತಿ ಹಚ್ಚಿದರೆ ಯಾರೂ ತಕರಾರು ಮಾಡುವುದಿಲ್ಲ. ಮೇಡಂ ಮಾತ್ರ ಪ್ರತಿಯೊಂದು ಕಾರಣವನ್ನೂ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸುತ್ತಿದ್ದರು. "ನಿಮ್ಮವ್ವಗ ಹೇಳಿದಂಗ ಹೇಳು. ಆಕಿಗೆ ತಿಳಿಯೂ ಹಂಗಿದ್ರ ಬರಿ." ಇಂಗ್ಲಿಷಿನಲ್ಲಿ ಗತ್ತಿನಿಂದ ನಿಂತಿದ್ದ ವಾಕ್ಯ ಕನ್ನಡಕ್ಕೆ ಬರುವಷ್ಟರಲ್ಲಿ ನನ್ನ ಬಾಯಲ್ಲೇ ತೊದಲುತ್ತಿತ್ತು. ಪಕ್ಕದ ಮೇಜಿನ ಕೆನ್ಯಾದವನು ನಾವಿಬ್ಬರೂ ದಿನಾ ಜಗಳಾಡುತ್ತೇವೆ ಎಂದೇ ತಿಳಿದಿದ್ದ.

ಒಮ್ಮೆ ಒಬ್ಬ ಕರ್ನಲ್ ಟೈರಿನ ಖರ್ಚು ಎರಡು ಪಟ್ಟಾದದ್ದಕ್ಕೆ ಕೆಟ್ಟ ರಸ್ತೆ ಎಂದು ಬರೆದು ತಂದ. ನೀವು ದುಡ್ಡು ಕೇಳಿದಾಗ ರಸ್ತೆ ಚೆನ್ನಾಗಿದ್ದವೇ ಎಂದು ಮೇಡಂ ಮೆತ್ತಗೆ ಕೇಳಿದರು. ಅವನು ನಕ್ಕು, ಹೊಸ ಚಾಲಕರಿಗೆ ತರಬೇತಿ ಕೊಟ್ಟಿರಲಿಲ್ಲವೆಂದು ಒಪ್ಪಿಕೊಂಡ. ಮುಂದಿನ ತಿಂಗಳೇ ತರಬೇತಿ ಶುರುವಾಯಿತು.

ಕೊರೊನಾ ವರ್ಷ ನಮ್ಮನ್ನೆಲ್ಲ ಊರಿಗೆ ಕಳಿಸಿದರು. ಪಡೆ ಅಲ್ಲಿ, ಅದರ ಲೆಕ್ಕ ಮಾಳಮಡ್ಡಿಯಲ್ಲಿ ಮೇಡಂ ಮನೆಯ ಪಡಸಾಲೆಯಲ್ಲಿ! ಲಾಕ್‌ಡೌನ್ ಸಡಿಲಾದ ಮೇಲೆ ನಾನು ಸ್ಕೂಟರ್ ಮೇಲೆ ಹೋಗಿ, ಮಾಸ್ಕ್ ಹಾಕಿಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದೆ. ಆ ವರ್ಷ ಹೆಲಿಕಾಪ್ಟರಿನ ಹಣ ಬಹಳ ಉಳಿದಿತ್ತು. ದಕ್ಷ ನಿರ್ವಹಣೆಯಿಂದಾದ ಉಳಿತಾಯ ಎಂದು ಇಂಗ್ಲಿಷಿನಲ್ಲಿ ಬರೆದು, ಶಹಭಾಸ್‌ಗಿರಿ ಸಿಗುತ್ತದೆಂದು ಹಿಗ್ಗಿನಿಂದ ಒಯ್ದೆ. ಕನ್ನಡಕ ಬೋರಲು ಬಿತ್ತು.

"ಯಾಕ ಉಳೀತು?"

"ಹಾರಾಟ ಕಡಿಮಿ ಆತ್ರಿ."

"ಯಾವ ಊರಿಗೆ?"

ನನಗೆ ಗೊತ್ತಿರಲಿಲ್ಲ. ಠಾಣೆಗಳಿಗೆ ಫೋನ್ ಹಚ್ಚು ಅಂದರು. ಮೂರನೆಯ ಸಲಕ್ಕೆ ಆ ದೇಶದ ಉತ್ತರ ಭಾಗದ ಠಾಣೆಯ ನೇಪಾಳಿ ಮೇಜರ್ ಸಿಕ್ಕ. ಮಳೆಗೆ ಹೆಲಿಕಾಪ್ಟರ್ ಇಳಿಯುವ ನೆಲ ಕುಸಿದು ಐದು ತಿಂಗಳ ಮೇಲಾಯಿತು ಎಂದ. ಹೆಲಿಕಾಪ್ಟರಿನಲ್ಲೇ ಬರುತ್ತಿದ್ದ ಡೀಸೆಲ್ ಬರದೆ ಗಸ್ತು ನಿಂತಿದೆ. ಗಸ್ತಿನ ಧೈರ್ಯದ ಮೇಲೆ ಸಂತೆಗೆ ಬರುತ್ತಿದ್ದ ಹೆಂಗಸರು ಈಗ ಬಂದೂಕಿನವರಿಗೆ ಹೆದರಿ ಮನೆ ಬಿಟ್ಟು ಹೊರಡುತ್ತಿಲ್ಲ. ನೆಲದ ರಿಪೇರಿಗೆ ದುಡ್ಡು ಕೇಳಿ ಅವನು ಅರ್ಜಿ ಕಳಿಸಿದ್ದ; ಒಂದು ಸಹಿ ಇಲ್ಲವೆಂದು ನಮ್ಮ ವಿಭಾಗವೇ ಅದನ್ನು ವಾಪಸು ಕಳಿಸಿತ್ತು. ಸಹಿ ಮಾಡಬೇಕಾದವನು ಕೊರೊನಾಕ್ಕೆ ತನ್ನ ದೇಶಕ್ಕೆ ಹೋಗಿದ್ದ.

ವಾಪಸು ಕಳಿಸಿದವನು ನಾನೇ. ಹೇಳಿಬಿಟ್ಟೆ.

ಮೇಡಂ ಬೈಯಲಿಲ್ಲ. "ಈ ಕಾಗದ ಹಿಂಗ ಹೋದ್ರ ಏನಾಗ್ತದ ಗೊತ್ತದ ಏನು? ಇಷ್ಟು ಹಾರಾಟ ಇಲ್ದನೂ ನಡೀತಲ್ಲ ಅಂತ ಮುಂದಿನ ವರ್ಷದ್ದು ಕತ್ತರಸ್ತಾರ. ಆ ಠಾಣೆ ಮುಚ್ಚೇ ಹೋಗ್ತದ. ಆ ಹೆಣ್ಣಮಕ್ಕಳು ಅಂಜಿ ಮನ್ಯಾಗ ಕೂತದ್ದಕ್ಕ ಉಳಿತಾಯ ಅಂತ ಹೆಸರಿಟ್ಟೀಯಲ್ಲೊ, ಬಸೂ."

ನನ್ನ ನೌಕರಿ ವರ್ಷವರ್ಷಕ್ಕೂ ಮುಂದುವರಿಸುವಂಥದ್ದು; ಈ ತಪ್ಪು ಹೊರಬಿದ್ದರೆ ಹೋಗುತ್ತಿತ್ತು. ಮಳೆಯಿಂದ ಎಂದು ಬರೆದರಾಯಿತಲ್ಲ, ಅದೂ ಸುಳ್ಳಲ್ಲವಲ್ಲ ಎಂದು ನಾಚಿಕೆ ಬಿಟ್ಟು ಗೋಗರೆದೆ.

"ಮಳಿ ಒಂದು ವಾರದ್ದು. ಉಳಿದ ಐದು ತಿಂಗಳು ನಮ್ಮದು," ಅಂದರು.

ಅವರೇ ಕೂತು ಬರೆದರು: ಬಜೆಟ್ ವಿಭಾಗ ಅರ್ಜಿಯನ್ನು ತಿರುಗಿಸಿದ್ದರಿಂದ ರಿಪೇರಿ ತಡವಾಯಿತು, ಹಾರಾಟದ ಅಗತ್ಯ ಹಾಗೆಯೇ ಇದೆ. ಆ ವಾರವೇ ಸಹಿ ತರಿಸಿ ರಿಪೇರಿಯ ದುಡ್ಡನ್ನೂ ಬಿಡಿಸಿದರು. ಸಮಿತಿಯ ವಿಡಿಯೊ ಸಭೆಯ ದಿನ ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲಲ್ಲಿ ಬೆವರುತ್ತ ಕೂತಿದ್ದೆ. ತಿರುಗಿಸಿದವರು ಯಾರು ಎಂದು ಒಬ್ಬ ಸದಸ್ಯ ಕೇಳಿಯೇ ಕೇಳಿದ. ವಿಭಾಗ ನನ್ನದು, ಅದರ ತಪ್ಪೂ ನನ್ನದೇ ಎಂದು ಮೇಡಂ ಹೇಳಿದರು. ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

ಹೆಲಿಕಾಪ್ಟರಿನ ಹಣಕ್ಕೆ ಕತ್ತರಿ ಬೀಳಲಿಲ್ಲ, ಠಾಣೆ ಉಳಿಯಿತು. ಆದರೆ ಮುಂದಿನ ವರ್ಷ ಮೇಡಂ ಅವರ ನೌಕರಿ ಮುಂದುವರಿಸಲಿಲ್ಲ. ಕಾರಣ ಕೂಡ ತಿಳಿಸಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಮಾತ್ರ ಮುಂದುವರಿಸಿದರು.

ಹೋದ ವರ್ಷ ರಜೆಗೆ ಬಂದಾಗ ಮಾಳಮಡ್ಡಿಗೆ ಹೋದೆ. ಕಾಯಿಲೆಯಿಂದ ಮೇಡಂ ಬಹಳ ಸೊರಗಿದ್ದರು. ನನ್ನಿಂದಾಗಿ ನಿಮಗೆ ಹೀಗಾಯಿತು, ಕ್ಷಮೆ ಕೇಳಬೇಕೆಂದು ಬಂದೆ ಅಂದೆ. ಕೈ ಮಾಡಿ ತಡೆದರು.

"ಅದಿರಲಿ. ಈಗ ಸಂತಿಗೆ ಆ ಹೆಣ್ಣಮಕ್ಕಳು ಬರ್ತಾರೇನು?"

"ಬರ್ತಾರ್ರಿ. ವರದಿ ಒಳಗ ಹಂಗ ಐತ್ರಿ."

"ನೀ ಹೋಗಿ ನೋಡೀಯೇನು?"

ಇಲ್ಲ ಅಂದೆ.

"ಮತ್ತ ಹೆಂಗ ಹೇಳ್ತಿ?"

ಹೋಗಿ ನೋಡಿ ಬಂದು ಹೇಳುತ್ತೇನೆಂದು ಮಾತು ಕೊಟ್ಟು ಹೊರಟೆ. ಕೆಲಸಕ್ಕೆ ಮರಳಿದ ಮೇಲೆ ಇವತ್ತು ಸಭೆ, ನಾಳೆ ವರದಿ ಎಂದು ಎರಡು ತಿಂಗಳು ಕಳೆದೆ. ಒಂದು ಮಧ್ಯಾಹ್ನ ಅವರ ತಮ್ಮ ಫೋನ್ ಮಾಡಿ, ಅಕ್ಕ ಹೋದಳು ಎಂದರು. ಆ ಠಾಣೆಗೆ ಹೋಗುವ ಮರುದಿನದ ಹೆಲಿಕಾಪ್ಟರಿಗೆ ಹೆಸರು ಬರೆಸಿದೆ.

ಠಾಣೆಯಿಂದ ಒಬ್ಬ ಸೈನಿಕ ಸಂತೆಗೆ ನಡೆಸಿಕೊಂಡು ಹೋದ. ಒಣಮೀನು, ಉಳ್ಳಾಗಡ್ಡಿ, ಸಾಬೂನು ಹರವಿಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿ ಒಂದು ಸಾಬೂನು ಕೊಳ್ಳುವ ತನಕ ಬಿಡಲಿಲ್ಲ. ಸಂತೆ ತುಂಬಿತ್ತು. ಎರಡು ತಿಂಗಳು ಮೊದಲು ಬಂದಿದ್ದರೆ ಮೇಡಂಗೆ ಹೇಳಬಹುದಿತ್ತು.