ಕ್ಲಿಪ್ಪಿನ ಕಾರ್ಖಾನೆಯ ಕಾಗದಗಳು

ಕಾರ್ಖಾನೆಯೊಂದು ಮುಚ್ಚಿದ ಸುದ್ದಿ ಬಂದರೆ ಊರಿನ ಉಳಿದವರು ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಲೊರೇನ್ ಪೆಲಟೀರ್ ಮಾತ್ರ ವ್ಯಾನಿನ ಬೀಗದಕೈ ಹುಡುಕುತ್ತಿದ್ದಳು. ಅಮೆರಿಕದ ಮೇನ್ ಸೀಮೆಯ ಆ ಹೊಳೆಸಾಲಿನಲ್ಲಿ ಮುಚ್ಚುವ ಕಾರ್ಖಾನೆಗಳಿಗೇನೂ ಬರವಿರಲಿಲ್ಲ. ಬೂಟಿನದು ಹೋಯಿತು, ಕಂಬಳಿಯದು ಹೋಯಿತು, ಹಲ್ಲುಕಡ್ಡಿಯದೂ ಹೋಯಿತು. ಪ್ರತಿಸಲವೂ ಲೊರೇನ್ ಮನೆಯಲ್ಲೇ ಕರಿದ ಡೋನಟ್ಟಿನ ಡಬ್ಬಿ ಹಿಡಿದು ಹಾಜರ್. ಮಾಲೀಕ ಬಾಯಿ ತುಂಬಿಕೊಂಡು ಮಾತಾಡಲಾಗದೆ ಕೂತಿರುವಾಗ, "ಹಳೇ ಕಾಗದ ಎಲ್ಲಾ ಏನ್ಮಾಡ್ತೀರಿ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಊರಿನವರು ಅವಳಿಗೆ ರಣಹದ್ದು ಎಂದೇ ಹೆಸರಿಟ್ಟಿದ್ದರು.

"ಹದ್ದಿಗೆ ಡೋನಟ್ ಕರಿಯೋಕ್ ಬರತ್ತೇನ್ರೋ?" ಎಂದು ಅವಳೂ ನಗುತ್ತಿದ್ದಳು.

ಅವಳು ಈ ಕಾಗದಗಳನ್ನು ಕೂಡಿಡುತ್ತಿದ್ದ, ವ್ಯಾಪಾರ ಚರಿತ್ರೆಯ ಸಂಘ ಎಂಬ ದೊಡ್ಡ ಹೆಸರಿನ ಸಣ್ಣ ಸಂಸ್ಥೆ ಇದ್ದದ್ದು ಹಳೆಯ ಬ್ಯಾಂಕಿನ ಕಟ್ಟಡದಲ್ಲಿ. ಹಣ ಇಡುತ್ತಿದ್ದ ಕಬ್ಬಿಣದ ಕೋಣೆಯಲ್ಲಿ ಈಗ ಸತ್ತ ಕಂಪನಿಗಳ ಪೆಟ್ಟಿಗೆಗಳು. ಶನಿವಾರದ ಬೇಯಿಸಿದ ಹುರುಳಿಕಾಯಿಬೀಜದ ಊಟಕ್ಕೆ ಟಿಕೆಟ್ಟು ಮಾರಿ ವಿದ್ಯುತ್ ಬಿಲ್ಲು ಕಟ್ಟುತ್ತಿದ್ದರು. ಓದಲು ಬಂದವರು ಎಷ್ಟು ದೊಡ್ಡವರಾದರೂ ಪೆನ್ನನ್ನು ಲೊರೇನಳ ಕೈಗೊಪ್ಪಿಸಿ ಪೆನ್ಸಿಲ್ ಹಿಡಿಯಬೇಕು. ಇನ್ನೊಂದು ಕಟ್ಟುನಿಟ್ಟೆಂದರೆ, ಕಾಗದಗಳು ಕಾರ್ಖಾನೆಯ ಡ್ರಾಯರಿನಲ್ಲಿ ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ ಉಳಿಯಬೇಕು. ಒಮ್ಮೆ ಸಂಘದ ಅಧ್ಯಕ್ಷ ಕರ್ಟಿಸ್, ಉಪಕಾರ ಮಾಡೋಣವೆಂದು ಕಂಬಳಿ ಕಾರ್ಖಾನೆಯ ಪತ್ರಗಳನ್ನೆಲ್ಲ ತಾರೀಖಿನ ಪ್ರಕಾರ ನೀಟಾಗಿ ಜೋಡಿಸಿಟ್ಟ. ಯಾವ ಪತ್ರಕ್ಕೆ ಯಾವುದು ಜೊತೆ ಎಂಬುದೇ ಅಳಿಸಿಹೋಯಿತು. ಆ ಚಳಿಗಾಲ ಪೂರ್ತಿ ಲೊರೇನ್ ಅವನ ಜೊತೆ ಮಾತಾಡಲಿಲ್ಲ.

ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪು ಮಾಡುತ್ತಿದ್ದ ಮರ್ಟನ್ ಹ್ಯಾಸ್ಕೆಲ್ ಕಾರ್ಖಾನೆಯ ಬಾಗಿಲು ಹಾಕಿದಾಗ ಡೋನಟ್ ಕೆಲಸಕ್ಕೆ ಬರಲಿಲ್ಲ. ಡಬ್ಬಿಯನ್ನು ಮುಟ್ಟದೆಯೇ ಅವನು ಹೇಳಿದ: "ನಾಳಿದ್ದು ಲಾರಿ ಬರತ್ತೆ. ಎಲ್ಲಾ ಚೂರು ಮಾಡ್ಕೊಂಡ್ ಹೋಗ್ತಾರೆ. ಹಳೇದೊಂದೂ ಇಟ್ಕೋಬೇಡಿ ಅಂದಿದಾರೆ ವಕೀಲರು."

"ಇಟ್ಕೋಬೇಡಿ ಅಂದಿದಾರೆ. ಲೊರೇನಿಗೆ ಕೊಡಬೇಡಿ ಅಂದ್ರಾ?"

ಮರ್ಟನ್ ನಗಲಿಲ್ಲ. "ಅಜ್ಜ ಕಟ್ಟಿದ್ದು, ಅಪ್ಪ ಬೆಳೆಸಿದ್ದು, ನಾನು ಮುಳುಗಿಸಿದ್ದು. ಆ ಹೊಸಾ ಮಿಷನ್ ತಗೊಂಡು ಮುಳುಗಿಸ್ದೆ ಅಂತ ಊರಿಗೇ ಗೊತ್ತು. ಅದನ್ನ ಯಾರೋ ಕೂತ್ಕೊಂಡ್ ಓದ್ಬೇಕೇನಮ್ಮ? ಕನ್ನಡಕ ಏರಿಸ್ಕೊಂಡು, ನೋಡಿ ಇಲ್ಲೇ ಈ ಪೆದ್ದ ತಪ್ಪು ಮಾಡಿದ್ದು ಅಂತ?"

ಲೊರೇನಳಿಗೆ ತಮಾಷೆಯೆಲ್ಲ ಮರೆತುಹೋಯಿತು. "ಗೆದ್ದೋರ ಕಾಗದ ಕಾಯಕ್ಕೆ ಅವರದೇ ಜನ ಇದಾರೆ ಮರ್ಟನ್. ನಮ್ಮಮ್ಮ ಇದೇ ಶೆಡ್ಡಲ್ಲಿ ನಿಂತ್ಕೊಂಡೇ ಕ್ಲಿಪ್ ತುಂಬಿದ್ಲು, ಮಂಡಿ ಬಿದ್ದುಹೋಗೋವರೆಗೂ. ಈ ಕಾಗದ ಹೋದ್ರೆ ಅವಳಿಲ್ಲಿದ್ಲು ಅನ್ನೋದಕ್ಕೆ ನನ್ನ ಬಾಯಿಮಾತು ಬಿಟ್ರೆ ಏನುಳಿಯತ್ತೆ?"

ಮರ್ಟನ್ ಕಿಟಕಿಯ ಕಡೆ ತಿರುಗಿದ. ಅವಳು ಬಿಡಲಿಲ್ಲ. "ನೀವಿರೋವರೆಗೂ ಯಾರೂ ಬಿಚ್ಚಲ್ಲ. ನಾನೂ ಬಿಚ್ಚಲ್ಲ. ಈ ಮಾತು ಎತ್ಕೊಂಡು ನಿಮ್ಮ ಬಾಗಿಲಿಗೂ ಬರಲ್ಲ. ಸರೀನಾ?"

ಲಾರಿ ಬಂದು ಬರಿಗೈಯಲ್ಲಿ ವಾಪಸಾಯಿತು. ಪೆಟ್ಟಿಗೆಗಳಿಗೆ ಬಿಳಿ ಹತ್ತಿಯ ಪಟ್ಟಿ ಕಟ್ಟಿ, ಗಂಟು ಹಾಕಿ, ಕಬ್ಬಿಣದ ಕೋಣೆಯಲ್ಲಿಟ್ಟಳು.

ಕೆಲವು ವರ್ಷ ಕಳೆದ ಮೇಲೆ ಷಿಕಾಗೋದ ಒಬ್ಬ ಪ್ರಾಧ್ಯಾಪಕರು ಆ ಕಾಗದಗಳನ್ನು ನೋಡಬೇಕೆಂದು ಬರೆದರು. ಅವರ ಬೆನ್ನಿಗೆ ಒಂದು ದತ್ತಿನಿಧಿಯಿತ್ತು. ಒಪ್ಪಿದರೆ ಸಂಘದ ಚಾವಣಿ ರಿಪೇರಿಗೆ ಹಣ ಬರುತ್ತಿತ್ತು. ಲೊರೇನ್ ಆಗುವುದಿಲ್ಲ ಎಂದು ಅದೇ ದಿನ ಉತ್ತರ ಬರೆದಳು. ಕರ್ಟಿಸ್ ಕೆಂಡವಾದ.

"ಸೂರು ಸೋರ್ತಾ ಇದೆ ಲೊರೇನ್!"

"ಬಕೆಟ್ ಇಡ್ತೀನಿ."

"ಮರ್ಟನ್‌ನ ಒಂದ್ಸಲ ಕೇಳೋದ್ರಲ್ಲಿ ಏನ್ ಹೋಗತ್ತೆ?"

"ಕೇಳಲ್ಲ ಅಂತಾನೂ ಮಾತು ಕೊಟ್ಟಿದೀನಪ್ಪಾ. ಒಬ್ಬರ ಹತ್ರ ಮಾತು ತಪ್ಪಿದ್ರೆ ಈ ಹೊಳೆಸಾಲಲ್ಲಿ ಇನ್ಯಾರು ನಮ್ಮ ಕೈಗೆ ಕಾಗದ ಕೊಡ್ತಾರೆ? ಆಗ ಚಾವಣಿ ಯಾತಕ್ಕೆ, ಪಾರಿವಾಳ ಸಾಕಕ್ಕಾ?"

ಅವಳ ಹಠ ನೋಡಿದರೆ ಎಂಥವರಿಗೂ ರೇಗಬೇಕು, ಆದರೆ ಕೈಯೆತ್ತಿ ಮುಗಿಯಬೇಕು ಅನ್ನಿಸುವುದೂ ಅದಕ್ಕೇ. ಕರ್ಟಿಸನಿಗೆ ರೇಗಿದ್ದಷ್ಟೇ ನಿಜ. ಮುಂದಿನ ಶನಿವಾರದ ಊಟದಲ್ಲಿ ಮರ್ಟನ್ ಪಕ್ಕ ಕೂತು, ಷಿಕಾಗೋದವರು ಕಾಗದ ಕೇಳಿದ್ದನ್ನೂ ಅದಕ್ಕೆ ಬರಲಿದ್ದ ಹಣವನ್ನೂ ಬಾಯಿಬಿಟ್ಟ.

ಸೋಮವಾರ ಬೆಳಿಗ್ಗೆ ಮರ್ಟನ್ ಬ್ಯಾಂಕಿನ ಬಾಗಿಲು ದಬ್ಬಿಕೊಂಡು ಬಂದ. ಮುಖ ಕೆಂಪಗಾಗಿತ್ತು. "ಇಷ್ಟೇನಾ ನಿಮ್ಮ ಮಾತಿನ ಬೆಲೆ?"

ಲೊರೇನ್ ವಾದಿಸಲಿಲ್ಲ. ಕರ್ಟಿಸನ ಹೆಸರನ್ನೂ ಎತ್ತಲಿಲ್ಲ. ಮರ್ಟನ್‌ನನ್ನು ಕಬ್ಬಿಣದ ಕೋಣೆಗೆ ಕರೆದೊಯ್ದು ದೀಪ ಹಾಕಿದಳು. ಚಾವಣಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಅದಕ್ಕೆ ದೂರದ ಒಣ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲಿನ ಕಪಾಟಿನಲ್ಲಿ ಅವನ ಪೆಟ್ಟಿಗೆಗಳಿದ್ದವು. ಮರ್ಟನ್ ಏಣಿ ಹತ್ತಿ ಒಂದೊಂದೇ ಗಂಟನ್ನು ಮುಟ್ಟಿ ನೋಡಿದ. ಪಟ್ಟಿಯ ಮೇಲೆ ಧೂಳು ಕೂತಿತ್ತು, ಒಂದು ಗಂಟೂ ಸಡಿಲವಾಗಿರಲಿಲ್ಲ.

"ದುಡ್ಡು ಬರೋದಿತ್ತಂತಲ್ಲ?" ಅವನ ದನಿ ತಗ್ಗಿತ್ತು.

"ಇತ್ತು."

"ನೀವೇ ಬೇಡ ಅಂದ್ರಾ?"

"ನಾನೇ."

ಮರ್ಟನ್ ಅಲ್ಲೇ ಏಣಿಯ ಮೆಟ್ಟಿಲ ಮೇಲೆ ಕೂತ. ಪೆಟ್ಟಿಗೆಗಳ ಕಡೆ ನೋಡುತ್ತ ಕೇಳಿದ: "ಏನ್ ಬೇಕಂತೆ ಆ ಮನುಷ್ಯನಿಗೆ? ನಾನು ಹೇಗೆ ಮುಳುಗಿಸ್ದೆ ಅಂತ ತಾನೆ?"

ಅವನಾಗಿ ಕೇಳದೆ ಹೇಳುವುದಿಲ್ಲ ಎಂದು ತಡೆದುಕೊಂಡಿದ್ದವಳು ಈಗ ಹೇಳಿದಳು. "ಅಲ್ಲ ಮರ್ಟನ್. ಬಟ್ಟೆ ಒಣಗಿಸೋ ಡ್ರೈಯರ್ ಬಂದ್ಮೇಲೆ ಈ ಕಡೆ ಕ್ಲಿಪ್ ಕಾರ್ಖಾನೆ ಎಲ್ಲಾ ಮುಚ್ಚಿಹೋದ್ವಂತೆ. ನಿಮ್ದೊಂದು ಮಾತ್ರ ಎಷ್ಟೋ ವರ್ಷ ಎಳೀತಂತೆ. ಆ ಹೊಸಾ ಮಿಷನ್ ತಗೊಂಡಿದ್ದಕ್ಕೇ ಎಳೀತೇನೋ ಅಂತ ಅವರ ಅನುಮಾನ. ಅಷ್ಟು ವರ್ಷ ಅಷ್ಟು ಜನಕ್ಕೆ ಹೇಗೆ ಸಂಬಳ ಕೊಟ್ರಿ ಅಂತ ತಿಳ್ಕೋಬೇಕಂತೆ."

ಮರ್ಟನ್ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಳ್ಳುವುದನ್ನೇ ಮರೆತ. ಆಮೇಲೆ ಎದ್ದು ಮೊದಲ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೆಳಗಿಳಿಸಿದ. ಗಂಟು ಬಿಚ್ಚತೊಡಗಿದ.

"ಆ ಮಿಷನ್ನಿನ ಲೆಕ್ಕ ಒಬ್ಬನೇ ಕೂತ್ರೆ ಅವನಿಗೆ ಅರ್ಥ ಆಗಲ್ಲ ಲೊರೇನ್. ನಾನೂ ಪಕ್ಕದಲ್ಲಿರ್ತೀನಿ. ಯಾವಾಗ ಬರ್ತಾನಂತೆ?"