ಅಕ್ಕನ ಕಿವಿಗೆ ಆರನೆಯ ಅಚ್ಚು

ಸಾಗರದಲ್ಲಿ ನಾನು ಹಲ್ಲು ಸೆಟ್ಟು ಕಟ್ಟುವ ಕೆಲಸ ಮಾಡುತ್ತಿದ್ದೆ. ಡಾಕ್ಟರು ಮುಂದಿನ ಕೋಣೆಯಲ್ಲಿ ಹಲ್ಲು ಕೀಳುತ್ತಿದ್ದರು, ಹಿಂದಿನ ಕೋಣೆಯಲ್ಲಿ ನಾನು ಕಟ್ಟುತ್ತಿದ್ದೆ. ಬಾಯಿಯ ಅಳತೆ ತೆಗೆದು, ಪ್ಲಾಸ್ಟರಿನ ಅಚ್ಚು ಮಾಡಿ, ಅದರೊಳಗೆ ಅಕ್ರಿಲಿಕ್ ಪುಡಿಯನ್ನು ಘಾಟು ವಾಸನೆಯ ದ್ರವದಲ್ಲಿ ಕಲಸಿ ತುಂಬಿ, ಹಿತ್ತಾಳೆ ಡಬ್ಬಿಯಲ್ಲಿ ಬಿಗಿದು ಕುದಿಸಿದರೆ ಒಸಡಿನ ಬಣ್ಣದ ಗಟ್ಟಿ ಸೆಟ್ಟು ಹೊರಗೆ ಬರುತ್ತಿತ್ತು. ನನ್ನ ಸೆಟ್ಟು ಹಾಕಿಕೊಂಡವರು ಒಣ ಅಡಿಕೆಯನ್ನೂ ಕಡಿಯುತ್ತಾರೆ ಎಂದು ಊರಲ್ಲಿ ಮಾತಿತ್ತು. ಹಾಗೆ ಹೇಳಿಕೊಂಡು ತಿರುಗುತ್ತಿದ್ದವನು ಹೆಚ್ಚಾಗಿ ನಾನೇ.

ನನ್ನ ಅಕ್ಕ ಹೊಸನಗರದಲ್ಲಿ ಪ್ರೈಮರಿ ಶಾಲೆಯ ಟೀಚರು. ಎಂಬತ್ತರ ದಶಕದ ಆರಂಭದಲ್ಲಿ ಅವಳಿಗೆ ಕಿವಿ ಮಂದವಾಯಿತು. ಶಿವಮೊಗ್ಗದಿಂದ ಕಿವಿಯ ಮೆಷಿನ್ ತಂದೆವು. ರವಿಕೆಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಗುಂಡಿಯಂಥ ಸ್ಪೀಕರು, ಅದನ್ನು ಕಿವಿಯಲ್ಲಿ ಹಿಡಿದಿಡಲು ಒಂದು ರಬ್ಬರ್ ಬಿರಡೆ. ಬಿರಡೆ ಅಕ್ಕನ ಕಿವಿಗೆ ಸಡಿಲ. ಸಂದಿನಿಂದ ಸೋರಿದ ಸದ್ದು ಮತ್ತೆ ಪೆಟ್ಟಿಗೆಯೊಳಗೆ ಹೋಗಿ ಕುಯ್ಯೆಂದು ಸಿಳ್ಳೆ ಹೊಡೆಯುತ್ತಿತ್ತು. ಟೀಚರ ಕಿವಿಯಿಂದ ಸಿಳ್ಳೆ ಬಂದರೆ ಯಾವ ಮಕ್ಕಳು ಸುಮ್ಮನಿರುತ್ತಾರೆ? ಇಡೀ ತರಗತಿ ತಿರುಗಿ ಸಿಳ್ಳೆ ಹೊಡೆಯಿತು. ಮೆಷಿನ್ನಿನ ಸದ್ದು ಸಣ್ಣ ಮಾಡಿದರೆ ಅಕ್ಕನಿಗೆ ಏನೂ ಕೇಳಿಸದು. ಹೆಡ್‌ಮಾಸ್ಟರು ಕರೆದು, ದಸರೆ ರಜೆ ಮುಗಿದ ಮೇಲೆ ಪಾಠ ಬೇಡ, ಆಫೀಸಿನಲ್ಲಿ ಕೂತು ರಿಜಿಸ್ಟರ್ ಬರೆಯಿರಿ ಎಂದರು. ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಅದು ಮನೆಗೆ ಕಳಿಸಿದ ಹಾಗೆಯೇ.

ಅಕ್ಕ ಸುಲಭಕ್ಕೆ ಅಳುವವಳಲ್ಲ. ಅವತ್ತು ಅತ್ತಳು.

"ಬಾಯಿಗೆ ಹಲ್ಲು ಕೂರಿಸ್ತೀಯಲ್ಲ ತಮ್ಮಾ, ನನ್ ಕಿವಿಗೊಂದು ಬಿರಡೆ ಕೂರಿಸೋಕಾಗಲ್ವೇನೋ?"

ಅದೇನು ಮಹಾ ಎಂದೆ. ಆ ಒಂದು ಮಾತಿಗೆ ಐದು ಭಾನುವಾರ ಅನುಭವಿಸಿದೆ.

ಹಲ್ಲಿನ ಅಳತೆಗೆ ಬಂದವರಿಗೆ ನಮ್ಮಲ್ಲಿ ಮೊದಲು ಹೇಳುವ ಮಾತು ಒಂದೇ: ಕವಳ ಉಗಿದು ಬಾಯಿ ಮುಕ್ಕಳಿಸಿ. ಎಲೆ ಅಡಿಕೆ ಇಲ್ಲದ ಬಾಯಿ ನಮ್ಮ ಕಡೆ ಅಪರೂಪ. ಅಕ್ಕನಿಗೂ ಹಾಗೇ ಹೇಳಿದೆ. ಬಾಯಿ ಮುಚ್ಚಿಕೊಂಡು ಅಲ್ಲಾಡದೆ ಕೂರು ಎಂದು ಗದರಿಸಿ, ಕಿವಿಯೊಳಗೆ ಹತ್ತಿಯ ತಡೆ ಇಟ್ಟು, ಹಲ್ಲಿನ ಅಳತೆಯ ಹಿಟ್ಟನ್ನೇ ಕಲಸಿ ತುಂಬಿದೆ. ಆ ಅಳತೆಯಿಂದ ಸೆಟ್ಟಿನ ಹಾಗೆಯೇ ಅಕ್ರಿಲಿಕ್ ಕುದಿಸಿ ಬಿರಡೆ ಮಾಡಿದೆ; ಅದನ್ನೂ ನಾವು ಅಚ್ಚು ಎಂದೇ ಕರೆದೆವು.

ಮೊದಲನೆಯ ಅಚ್ಚು ಬಿಗಿಯಾಯಿತು, ಎರಡೇ ದಿನಕ್ಕೆ ಕಿವಿ ಕೆಂಪಗೆ ಊದಿತು. ಎರಡನೆಯದನ್ನು ಅರದಿಂದ ಉಜ್ಜಿ ಸಣ್ಣ ಮಾಡಿದೆ, ಸಿಳ್ಳೆ ಮರಳಿ ಬಂತು. ಮೂರನೆಯದರ ತುದಿಯನ್ನು ಒಂದು ಅಕ್ಕಿಕಾಳಿನಷ್ಟು ಉದ್ದ ಬಿಟ್ಟೆ. ನಾನು ಎದುರು ಕೂತು ಮಾತಾಡಿದೆ, ಅಕ್ಕ ಕಣ್ಣರಳಿಸಿ ಕೇಳಿಸಿಕೊಂಡಳು, ಸಿಳ್ಳೆಯಿಲ್ಲ. ಗೆದ್ದೆ ಎಂದುಕೊಂಡು ಸಾಗರದ ಬಸ್ಸು ಹತ್ತಿದೆ. ಬುಧವಾರ ಕಾರ್ಡು ಬಂತು: ಕ್ಲಾಸಿನಲ್ಲಿ ಮತ್ತೆ ಅದೇ ಕಥೆ. ನಾಲ್ಕನೆಯದಕ್ಕೆ ಹೊರಗಿನ ಅಂಚು ದಪ್ಪ ಮಾಡಿದೆ. ಐದನೆಯದಕ್ಕೆ ಹೊಸದಾಗಿ ಅಳತೆ ತೆಗೆದು, ಮುಖ ಕಾಣುವಷ್ಟು ಪಾಲಿಷ್ ಹಾಕಿದೆ. ಎಲ್ಲವೂ ಭಾನುವಾರ ಸಾಧು, ಸೋಮವಾರ ಸಿಳ್ಳೆ. ನೀನು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ ಎಂದು ನಾನು, ನಿನಗೆ ಮಾಡಲು ಬರುವುದಿಲ್ಲ ಎಂದು ಅವಳು. ಡಾಕ್ಟರು ಬೇರೆ, ಈ ಕಿವಿಗೆ ಎರಡು ಹಲ್ಲನ್ನೂ ಸೇರಿಸಿ ಕಟ್ಟಿಬಿಡು ಎಂದು ಕಾಲೆಳೆದರು. ನಗಲಿಲ್ಲ ನಾನು. ಮೈ ಉರಿದುಹೋಗಿತ್ತು.

ದಸರೆ ರಜೆಗೆ ಒಂದು ವಾರ ಉಳಿದಿದ್ದ ಭಾನುವಾರ, ಇನ್ನೊಮ್ಮೆ ಅಳತೆ ತೆಗೆಯಲೆಂದು ಹಿಟ್ಟು, ಪ್ಲಾಸ್ಟರು ಎಲ್ಲ ಹೊತ್ತುಕೊಂಡು ಹೊಸನಗರಕ್ಕೆ ಹೋದೆ. ಊಟವಾಯಿತು. ಅಕ್ಕ ಕವಳ ಹಾಕಿಕೊಂಡು ನನ್ನನ್ನು ಬಯ್ಯಲು ಶುರುಮಾಡಿದಳು. ಐದನೆಯ ಅಚ್ಚು ಕಿವಿಯಲ್ಲೇ ಇತ್ತು. ಕುಯ್ಯೆಂದಿತು. ಬೇಸತ್ತು ಅವಳು ಸುಮ್ಮನಾದಳು, ಸಿಳ್ಳೆಯೂ ನಿಂತಿತು. ಎಲೆ ಅಗಿದಳು, ಮತ್ತೆ ಕುಯ್. ನಾನು ಕಿರುಬೆರಳನ್ನು ನನ್ನ ಕಿವಿಗೇ ತುರುಕಿಕೊಂಡು ದವಡೆ ಆಡಿಸಿ ನೋಡಿದೆ. ಬಾಯಿ ಬಿಟ್ಟಾಗ ಕಿವಿಯ ದಾರಿ ಅಗಲವಾಗುತ್ತದೆ, ಮುಚ್ಚಿದಾಗ ಕಿರಿದಾಗುತ್ತದೆ. ಐದು ಅಚ್ಚೂ ಬಾಯಿ ಮುಚ್ಚಿಕೊಂಡು ಕೂತ ಅಕ್ಕನ ಕಿವಿಯ ಅಳತೆಗೆ ಮಾಡಿದವು. ಅಂಥ ಅಕ್ಕ ಆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾವತ್ತೂ ಇರಲಿಲ್ಲ.

ಅವಳು ರೂಢಿಯಂತೆ ಕವಳ ಉಗಿಯಲು ಎದ್ದಳು. ನಾನು ಕೈ ಹಿಡಿದು ಕೂರಿಸಿದೆ.

"ಉಗೀಬೇಡ ಅಕ್ಕಾ. ಇನ್ನೊಂದು ಎಲೆ ಹಾಕ್ಕೋ. ಅಗೀತಾ ನಂಗೆ ಬಯ್ತಾ ಇರು."

ಅದಕ್ಕೆ ಅವಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಹಳೆಯ ಅಚ್ಚು ತೆಗೆದು ಕಿವಿಗೆ ತುಂಬಿದ ಹಿಟ್ಟು ಬಿಗಿಯುವ ತನಕ ನನ್ನ ಬಾಲ್ಯದಿಂದ ಹಿಡಿದು ಐದನೆಯ ಅಚ್ಚಿನವರೆಗೆ ಒಂದನ್ನೂ ಬಿಡದೆ ಬಯ್ದಳು. ಹೊರಗೆ ಬಂದ ಅಳತೆ ಹಿಂದಿನವುಗಳಿಗಿಂತ ಕೂದಲೆಳೆಯಷ್ಟು ದಪ್ಪವಿತ್ತು. ಬಸ್ಸಿನಲ್ಲಿ ಅದು ಒಣಗಿ ಸೊರಗಬಾರದೆಂದು ಅಡುಗೆಮನೆಯ ತೆಂಗಿನ ಕರಟದಲ್ಲೇ ಪ್ಲಾಸ್ಟರು ಹೊಯ್ದೆ. ಸೋಮವಾರ ಸಾಗರದಲ್ಲಿ ಕುದಿಸಿ, ಮಂಗಳವಾರ ತೂತು ಕೊರೆದು ಉಜ್ಜಿ, ಬುಧವಾರ ರಜೆ ಹಾಕಿ ನೇರ ಶಾಲೆಗೇ ಹೋದೆ.

ಅಕ್ಕ ಆರನೆಯ ಅಚ್ಚನ್ನು ಕಿವಿಗೆ ಹಾಕಿಕೊಂಡು ಒಳಗೆ ಹೋದಳು. ನಾನು ಜಗಲಿಯ ಕಿಟಕಿಯ ಪಕ್ಕ ನಿಂತೆ. ಅವಳು ಓದಿದಳು, ಓದಿಸಿದಳು, ಗದರಿಸಿದಳು. ಸಿಳ್ಳೆಯಿಲ್ಲ. ಅರ್ಧ ಗಂಟೆ ಕಾದೆ. ಸಿಳ್ಳೆಯಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದು ಮಕ್ಕಳ ನಡುವೆ ಬೆಂಚಿನ ಮೇಲೆ ಕೂತರು. ಅಕ್ಕ ಮೇಜಿನ ಮೇಲೆ ಬಗ್ಗಿ ಸ್ಲೇಟು ತಿದ್ದುತ್ತಿದ್ದಳು. ಹದಿನೇಳರ ಮಗ್ಗಿ ಹೇಳುತ್ತಿದ್ದ ಹುಡುಗಿ ಹದಿನೇಳಾರಲಿ ಎಂದು ತಡವರಿಸಿ ನಿಂತಳು. ಹೆಡ್‌ಮಾಸ್ಟರು ಪರೀಕ್ಷೆ ಮಾಡಿದರೋ ನಿಜವಾಗಿ ಮರೆತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ ನೂರಾ ನಾಲ್ಕು ಎಂದು ಹೇಳಿಕೊಟ್ಟರು.

ಅಕ್ಕ ತಲೆಯೆತ್ತಲಿಲ್ಲ. "ನೂರಾ ಎರಡು, ಸಾರ್. ಮಕ್ಕಳಿಗೆ ತಪ್ಪು ಹೇಳ್ಕೊಡ್ಬೇಡಿ."

ತರಗತಿ ಗೊಳ್ಳೆಂದಿತು. ಕಿಟಕಿಯ ಸರಳು ಹಿಡಿದು ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹೆಡ್‌ಮಾಸ್ಟರು ಎದ್ದು, ಬಾಗಿಲ ತನಕ ಹೋಗಿ, ಮತ್ತಷ್ಟು ಮೆಲ್ಲಗೆ, ರಜೆ ಮುಗಿದ ಮೇಲೂ ಈ ಕ್ಲಾಸು ನಿಮ್ಮದೇ ಟೀಚರೇ ಎಂದರು. ಅಕ್ಕ ಕೇಳಿಸಿತೆಂದು ತಲೆಯಾಡಿಸಿ, ಹದಿನೇಳೇಳರಿಂದ ಮುಂದೆ ಹೇಳು ಎಂದು ಆ ಹುಡುಗಿಗೆ ಹೇಳಿದಳು.