ನೀರು ಕುಡಿಯದವನ ಎಣ್ಣೆ

ನಮ್ಮ ಮಹಡಿಗೆ ಬಾಡಿಗೆಗೆ ಬಂದಿರುವ ಹೊಸ ಹುಡುಗಿ ಈಗ ನನ್ನೆದುರು ಕೂತಿದ್ದಾಳೆ. ನಮ್ಮಿಬ್ಬರ ನಡುವೆ ಟೀಪಾಯಿ, ಅದರ ಮೇಲೆ ಹೆಬ್ಬೆರಳುದ್ದದ ಎರಡು ಬಾಟಲಿ. ಒಂದು ಈಕೆ ಸೇರಿಕೊಂಡಿರುವ ಕಂಪನಿಯ ಎಣ್ಣೆ. ಇನ್ನೊಂದು ಎದುರಾಳಿ ಕಂಪನಿಯದು, ಹೋಲಿಸಿ ನೋಡಲೆಂದು ತಂದದ್ದು. "ಆಂಟಿ, ಎಣ್ಣೆ ಯಾರು ಬೇಕಾದ್ರೂ ಮಾಡ್ತಾರೆ. ನಮ್ಮ ಕಂಪನೀಲಿ ವ್ಯಾಲ್ಯೂಸ್ ಇದೆ" ಎನ್ನುತ್ತ ಮುಚ್ಚಳ ತಿರುಗಿಸಿ ನನ್ನ ಮೂಗಿನ ಕೆಳಗೆ ಹಿಡಿದಳು. ಮಜ್ಜಿಗೆ ಹುಲ್ಲಿನ ವಾಸನೆ. ಆಕೆ ಆ ವ್ಯಾಲ್ಯೂಸುಗಳನ್ನು ಒಂದೊಂದಾಗಿ ಹೇಳತೊಡಗಿದಳು. ನಾನು ಹೂಂಗುಟ್ಟುತ್ತಲೇ ಇದ್ದೇನೆ, ಆದರೆ ನನ್ನ ಮೂಗು ಆಗಲೇ ಎದ್ದು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋಗಿಬಿಟ್ಟಿದೆ. ಬನ್ನಿ, ಆಕೆಯ ಮಾತು ಮುಗಿಯುವುದಕ್ಕೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ನಾವೂ ಒಂದು ಸುತ್ತು ಹೋಗಿಬರೋಣ.

ನನ್ನ ತವರು ಸೊರಬ, ಕೊಟ್ಟ ಮನೆ ಶಿಕಾರಿಪುರ. ಬಸ್ಸಿನಲ್ಲಿ ಕೂತರೆ ಅಂಥ ದೂರವೇನಲ್ಲ. ಆದರೆ ತೊಂಬತ್ತರ ದಶಕದ ನಡುವೆ ಯಾವಾಗಲೋ ಈ ಎರಡು ಊರುಗಳ ಮಧ್ಯೆ ಒಂದು ಗಡಿ ಬಿತ್ತು. ಶಿಕಾರಿಪುರದಲ್ಲಿ ನನ್ನ ಅತ್ತೆ ಗೌರಮ್ಮ ಹಸಿರು ಮುಚ್ಚಳದ ಕಂಪನಿಯ ಕಡೆ, ಸೊರಬದಲ್ಲಿ ನನ್ನ ಅಮ್ಮ ಕೆಂಪು ಮುಚ್ಚಳದ ಕಂಪನಿಯ ಕಡೆ. ಎರಡೂ ಮನೆಮನೆಗೆ ತಂದು ಮಾರುವ ಕಂಪನಿಗಳೇ. ಎಲೆ, ಹೂವು, ತೊಗಟೆಗಳಿಂದ ಇಳಿಸಿದ ಸತ್ವ ಎಂದು ಹೇಳಿ ನಾಲ್ಕು ತೊಟ್ಟು ಎಣ್ಣೆ ಕೊಡುತ್ತಿದ್ದವು. ಎಸೆನ್ಶಿಯಲ್ ಆಯಿಲ್ ಎಂಬ ಅದರ ಇಂಗ್ಲಿಷ್ ಹೆಸರು ಅತ್ತೆಯ ನಾಲಿಗೆಗೆ ಹತ್ತಲಿಲ್ಲ. ಬಾಟಲಿ ಸಣ್ಣದಿತ್ತಲ್ಲ, ಸಣ್ಣೆಣ್ಣೆ ಎಂದರು. ಓಣಿಗೆಲ್ಲ ಅದೇ ಹೆಸರಾಯಿತು.

ವಾಸನೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ. ನಾನು ತವರಿಗೆ ಹೊರಟರೆ ಅತ್ತೆ ತಮ್ಮ ಕೈಯಾರೆ ಹಸಿರಿನದನ್ನು ನನ್ನ ಕಿವಿಯ ಹಿಂದೆ ತಿಕ್ಕಿ ಕಳಿಸುವರು. ಅಲ್ಲಿ ಅಮ್ಮ ಬಾಗಿಲಲ್ಲೇ ಮೂಗು ಅರಳಿಸಿ, ಇದೆಂತ ಮಾರಾಯ್ತಿ, ತಿಗಣೆ ಔಷಧಿ ಹೊಡೆದ ಮಂಚದ ಹಾಂಗೆ ಬಂದಿದೀಯಲ್ಲ ಎನ್ನುವಳು. ಹಾಗಾಗಿ ಶಿರಾಳಕೊಪ್ಪದಲ್ಲಿ ಬಸ್ ಬದಲಿಸುವಾಗ ನಲ್ಲಿಗೆ ಹೋಗಿ, ಸೋಪಿನ ತುಂಡಿನಿಂದ ಕಿವಿ ಉಜ್ಜಿ, ಬ್ಯಾಗಿನ ತಳದಲ್ಲಿದ್ದ ಕೆಂಪಿನದನ್ನು ಹಚ್ಚಿಕೊಳ್ಳುತ್ತಿದ್ದೆ. ಬರುವಾಗ ತಿರುಗಾಮುರುಗಾ. ಅಲ್ಲಿದ್ದ ಬಾಳೆಹಣ್ಣಿನ ಅಂಗಡಿಯವನು ನನ್ನನ್ನು ಏನೆಂದುಕೊಂಡಿದ್ದನೋ ದೇವರೇ ಬಲ್ಲ. ಗಂಡನಿಗಾದರೂ ಹೇಳಿಕೊಳ್ಳೋಣವೆಂದರೆ ಅವರಿಗೆ ವರ್ಷವಿಡೀ ನೆಗಡಿ. ಎರಡೂ ಮನೆಗಳಲ್ಲಿ ತಟಸ್ಥರಾಗಿ ಉಳಿದವರು ಅವರೊಬ್ಬರೇ.

ಇಬ್ಬರೂ ಕಂಪನಿಯನ್ನು ಆರಿಸಿದ್ದು ಹೇಗೆ ಎನ್ನುತ್ತೀರಾ? ಕಂಪನಿಗಳೇನೋ ತಮ್ಮ ಆದರ್ಶಗಳನ್ನು ಅಚ್ಚು ಹಾಕಿಸಿಯೇ ಕೊಟ್ಟಿದ್ದವು. ಒಂದರ ಕಾಗದದಲ್ಲಿ ಸತ್ಯ, ಸೇವೆ, ಸಂಸ್ಕಾರ ಎಂದಿತ್ತು. ಇನ್ನೊಂದರಲ್ಲಿ ಸಂಸ್ಕಾರ ಮೊದಲು ಬಂದು ಸತ್ಯ ಕೊನೆಗೆ ಹೋಗಿತ್ತು. ಅತ್ತೆ ಆ ಕಾಗದದಲ್ಲಿ ಒಗ್ಗರಣೆಯ ಸಾಸಿವೆ ಕಟ್ಟಿಟ್ಟರು. ಮನುಷ್ಯರನ್ನು ತೂಗಲು ಅವರಿಗೆ ಬೇರೆಯೇ ತಕ್ಕಡಿ ಇತ್ತು, ಅದು ಊಟದ ತಟ್ಟೆ.

ತಟ್ಟೆಯಲ್ಲಿ ಅರ್ಧ ಬಿಡುವವನು ಹಿಡಿದ ಕೆಲಸವನ್ನೂ ಅರ್ಧಕ್ಕೇ ಬಿಡುತ್ತಾನೆ. ಎಲ್ಲವನ್ನೂ ಕಲಸಿ ಉಣ್ಣುವವನಿಗೆ ಗುಟ್ಟು ಹೇಳಬಾರದು. ನಾಚದೆ ಇನ್ನೊಂದು ಹಾಕಿಸಿಕೊಳ್ಳುವವನನ್ನು ಕಣ್ಣು ಮುಚ್ಚಿ ನಂಬಬಹುದು. "ಉಣ್ಣಾಕೆ ನಾಚದೋನು ನಿಜ ಹೇಳಾಕೂ ನಾಚಲ್ಲ" ಎಂಬುದು ಅವರ ಸಿದ್ಧಾಂತ. ಓಣಿಯಲ್ಲಿ ಯಾರ ಮನೆಗಾದರೂ ಗಂಡಿನ ಕಡೆಯವರು ಬಂದರೆ ಅತ್ತೆಯನ್ನು ಕರೆದು ಊಟದ ಹೊತ್ತಿಗೆ ಎದುರು ಕೂರಿಸುತ್ತಿದ್ದರು. ಬಾಡಿಗೆಗೆ ಮನೆ ಕೇಳಿದವರಿಗೂ ಅದೇ ಪರೀಕ್ಷೆ. ಊರಲ್ಲಿ ಅವರಿಗಿದ್ದ ಆಸ್ತಿಯೆಂದರೆ ಈ ಹೆಸರೇ.

ಇನ್ನು ನಾನೂ ಈ ಪರೀಕ್ಷೆಯಲ್ಲಿ ಪಾಸಾದವಳೇ. ನನ್ನನ್ನು ನೋಡಲು ಸೊರಬಕ್ಕೆ ಬಂದ ದಿನ, ಹಾಡು ಬೇಡ, ನಡೆದು ತೋರಿಸುವುದೂ ಬೇಡ, ಹುಡುಗಿ ನಮ್ಮ ಪಂಕ್ತಿಯಲ್ಲೇ ಕೂತು ಉಣ್ಣಲಿ ಎಂದರು ಅತ್ತೆ. ಕೂತೆ. ಪಾಯಸ ಎರಡನೇ ಸಲ ನನ್ನ ಎಲೆಗೆ ಬಿತ್ತು, ಉಂಡೆ. ಅಲ್ಲಿಗೆ ಮದುವೆ ನಿಶ್ಚಯವಾಯಿತು. ಡಿಗ್ರಿ ಸರ್ಟಿಫಿಕೇಟನ್ನು ಅಪ್ಪ ಸುಮ್ಮನೆ ಕಪಾಟಿನಿಂದ ತೆಗೆದಿಟ್ಟಿದ್ದರು.

ಹಸಿರು ಕಂಪನಿಯ ಪ್ರತಿನಿಧಿ ರುದ್ರೇಶ ಇಂಥ ಅತ್ತೆಯ ಕಣ್ಣಿಗೆ ಬಿದ್ದ. ಬಿದ್ದ ಎನ್ನುವುದಕ್ಕಿಂತ ಊಟದ ಹೊತ್ತಿಗೆ ಸರಿಯಾಗಿ ಬಂದ ಎನ್ನಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎಂಟು ರೊಟ್ಟಿ ತಿಂದ. ಬಡಿಸುವ ನನ್ನ ಕೈ ಸೋತಿತೇ ಹೊರತು ಅವನ ಬಾಯಿ ಸೋಲಲಿಲ್ಲ. ಅತ್ತೆಯ ಮುಖದಲ್ಲಿ ಮಗ ಮನೆಗೆ ಬಂದಷ್ಟು ಸಂತೋಷ. ಅದೇ ವಾರ ಕೆಂಪು ಕಂಪನಿಯ ಪುರುಷೋತ್ತಮನೂ ಬಂದ. ತೆಳ್ಳಗಿನ ಮನುಷ್ಯ, ಜಗಲಿಯ ಅಂಚಿನಲ್ಲಿ ಕೂತ. ಅತ್ತೆ ಬೆಲ್ಲ ನೀರು ತಂದಿಟ್ಟರೆ, ಬೇಡಮ್ಮ, ನನ್ನ ಹತ್ರ ಇದೆ ಎಂದು ಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದು ಎರಡು ಗುಟುಕು ಕುಡಿದ. ಎಣ್ಣೆಯ ಗುಣಗಳನ್ನು ಪಾಠ ಒಪ್ಪಿಸುವಂತೆ ಹೇಳಿ ಎದ್ದು ಹೋದ. ಅತ್ತೆ ಮುಟ್ಟದೆ ಉಳಿದ ಲೋಟವನ್ನೇ ನೋಡುತ್ತ ಕೂತರು. "ನಮ್ಮನೆ ನೀರು ಕುಡೀದೋನ ಎಣ್ಣೆ ನಾವ್ಯಾಕೆ ತಲೆಗೆ ಹಚ್ಕೋಬೇಕು?" ಎಂದರು. ಅವನ ಜಾತಿ ಯಾವುದೋ, ನಮ್ಮದು ಅವನಿಗೆ ಕಡಿಮೆಯಾಯಿತೋ ಎಂಬ ಮುಳ್ಳೂ ಆ ಮಾತಿನಲ್ಲಿ ಇತ್ತು.

ಸೊರಬದಲ್ಲಿ ಕತೆ ಉಲ್ಟಾ. ಅಲ್ಲಿಗೂ ಹೋದ ರುದ್ರೇಶ ಅನ್ನ ಕೇಳಿ ಹಾಕಿಸಿಕೊಂಡ, ಹೆಸರು ಗೊತ್ತಿಲ್ಲದೆಯೇ ತಂಬುಳಿಯನ್ನು ಹೊಗಳಿದ, ನೀವು ನನ್ನ ತಾಯಿ ಇದ್ದಂಗೆ ಎಂದ. ಅಮ್ಮನಿಗೆ ಅಲ್ಲಿಗೇ ಸಾಕಾಯಿತು. "ಒಂದೇ ಊಟಕ್ಕೆ ಮಗ ಆದವ ಇನ್ನೊಂದು ಊಟಕ್ಕೆ ಪಾಲು ಕೇಳ್ತಾನೆ" ಎಂದಳು. ಮಾತು ಕಡಿಮೆಯಿದ್ದ, ಅಡುಗೆಮನೆಯತ್ತ ಇಣುಕದ ಪುರುಷೋತ್ತಮನೇ ಅವಳಿಗೆ ಮೆಚ್ಚುಗೆಯಾದ. ಕೊಟ್ಟಿಗೆಗೆ ಸೊಪ್ಪು ತರಲು ಕಾಡಂಚಿಗೆ ಹೋಗುವಾಗ ಅವನ ಎಣ್ಣೆಯನ್ನೇ ಕಾಲಿಗೆ ಸವರಿಕೊಳ್ಳುತ್ತಿದ್ದಳು, ಉಣುಗು ಹತ್ತಿ ರಕ್ತ ಹೀರಬಾರದೆಂದು. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಇರುವ ತಾಲ್ಲೂಕಿನವರಿಗೆ ಉಣುಗಿನ ಭಯ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಇಷ್ಟೆಲ್ಲದರಲ್ಲಿ ಎಣ್ಣೆ ಹೇಗಿದೆ ಎಂದು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಮೊದಮೊದಲು ತಮಾಷೆಯಾಗಿದ್ದದ್ದು ಬರಬರುತ್ತ ಬಿಗಿಯಾಯಿತು. ಸಮಾರಂಭಗಳಲ್ಲಿ ಬೀಗಿತ್ತಿಯರಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನನ್ನ ಮುಖ ನೋಡಿ ಹೇಳತೊಡಗಿದರು. ಅತ್ತೆಯಂತೂ ಓಣಿಯ ಪ್ರತಿ ಮನೆಗೂ ಹೋಗಿ, ಆ ಹುಡುಗನಿಗೆ ನಾನು ಜವಾಬ್ದಾರಿ ಎಂದು ಹೇಳಿ ಹಸಿರು ಬಾಟಲಿ ಕೊಡಿಸಿದರು. ಕೊಂಡವರೆಲ್ಲ ಕೊಂಡದ್ದು ಅವರ ಮಾತನ್ನು.

ಎಣ್ಣೆಗೂ ಒಂದು ಪರೀಕ್ಷೆಯಿದೆ ಎಂದು ಹೇಳಿಕೊಟ್ಟವನು ರುದ್ರೇಶನೇ, ಅದೂ ಆರನೆಯದೋ ಏಳನೆಯದೋ ರೊಟ್ಟಿ ಮುರಿಯುತ್ತ. ಅಸಲಿ ಸಣ್ಣೆಣ್ಣೆಯನ್ನು ಕಾಗದದ ಮೇಲೆ ಹನಿಸಿದರೆ ಗಾಳಿಗೆ ಹಾರಿಹೋಗುತ್ತದೆ, ಅಡುಗೆ ಎಣ್ಣೆ ಬೆರೆಸಿದ್ದರೆ ಕಲೆ ಉಳಿಯುತ್ತದೆ, ಬೇಕಾದರೆ ಕೆಂಪಿನವರದನ್ನು ಹಾಕಿ ನೋಡಿ ಎಂದಿದ್ದ. ತನ್ನದನ್ನು ಯಾರಾದರೂ ಹಾಕಿ ನೋಡಿಯಾರೆಂದು ಅವನಿಗೆ ಹೊಳೆಯಲೇ ಇಲ್ಲ. ಒಂದು ಮಧ್ಯಾಹ್ನ ಅತ್ತೆ ಓಣಿಯ ಹೆಂಗಸರನ್ನು ಕರೆದು, ಅಸಲಿ ಅಂದರೆ ಹೇಗಿರುತ್ತದೆ ನೋಡಿ ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹಸಿರಿನದನ್ನು ಹನಿಸಿದರು. ಮರುದಿನ ಎಲ್ಲರೂ ಬಂದು ನೋಡಿದರೆ ಕಾಗದ ಮೆಣಸಿನಕಾಯಿ ಬಜ್ಜಿ ಕಟ್ಟಿದ ಪೇಪರಿನಂತಾಗಿತ್ತು. ಒಬ್ಬೊಬ್ಬರೇ ಎದ್ದು ಹೊರಟರು. ಪಕ್ಕದ ಮನೆಯ ಶಾಂತಕ್ಕ ಮಾತ್ರ ಚಪ್ಪಲಿ ಮೆಟ್ಟುತ್ತ, "ಗೌರಕ್ಕ, ಆ ಹುಡ್ಗ ಚೆನ್ನಾಗೇ ಉಣ್ತಿದ್ನಲ್ಲ?" ಎಂದು ಕೇಳಿ ಹೋದಳು.

ಆ ದಿನ ಅತ್ತೆ ತಮ್ಮ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟರು. ಹತ್ತಿಕ್ಕಿಟ್ಟುಕೊಂಡಿದ್ದ ನಗು ನನಗೆ ಅಲ್ಲಿಗೆ ಒಣಗಿತು. ಅವರನ್ನು ಕಂಡು ಸಂಕಟವಾಯಿತು. ಅದರ ಹಿಂದೆಯೇ ಒಂದು ಸ್ವಾರ್ಥದ ಭಯವೂ ಬಂತು. ಈ ತಕ್ಕಡಿಯೇ ಸುಳ್ಳು ಎಂದಾದರೆ, ಅದೇ ತಕ್ಕಡಿಯಲ್ಲಿ ತೂಗಿ ತಂದ ಸೊಸೆಯ ಗತಿಯೇನು?

ಸೋತವರಿಗೆ ಉಳಿಯುವ ಸುಖ ಒಂದೇ, ಎದುರಿನವರೂ ಸೋಲಬೇಕು. ಪುರುಷೋತ್ತಮ ಸೊರಬದ ಸುತ್ತು ಬರುವ ದಿನವನ್ನು ಕೇಳಿ ತಿಳಿದುಕೊಂಡು ಅತ್ತೆ ನನ್ನೊಂದಿಗೆ ಬಸ್ ಹತ್ತಿದರು. ನನ್ನ ಕಿವಿಗೆ ಏನೂ ತಿಕ್ಕಲಿಲ್ಲ. ಶಿರಾಳಕೊಪ್ಪದ ನಲ್ಲಿಯ ಹತ್ತಿರ ಅಂದು ನನಗೆ ಕೆಲಸವಿರಲಿಲ್ಲ. ಬೆಳಗ್ಗೆ ತಲುಪಿದವರೇ ಅಮ್ಮನ ಬಾಟಲಿ ತರಿಸಿ ಕಾಗದಕ್ಕೆ ಹನಿಸಿದರು. ಆಮೇಲೆ ಇಬ್ಬರೂ ಆಚೆ ಒಬ್ಬರು ಈಚೆ ಒಬ್ಬರು ಕೂತು, ಹಾಲು ಉಕ್ಕುವುದನ್ನು ಕಾಯುವವರಂತೆ ಅದನ್ನೇ ನೋಡಿದರು. ಊಟದ ಹೊತ್ತು ದಾಟಿತು. ಕಲೆ ಹೋಗಲಿಲ್ಲ. ಅತ್ತೆಯ ಮುಖಕ್ಕೆ ಕಳೆ ಬಂತು, ಅಮ್ಮನ ಮುಖ ಬಾಡಿತು.

ಪುರುಷೋತ್ತಮ ಬಂದು ಎಂದಿನಂತೆ ಜಗಲಿಯ ಅಂಚಿಗೆ ಕೂತ. ಅತ್ತೆ ಕಾಗದವನ್ನು ಅವನ ಮುಂದಿಟ್ಟರು. ಅವನು ನೋಡಿದ, ವಾದಿಸಲಿಲ್ಲ. ಕಂಪನಿಯಿಂದ ಹೇಗೆ ಬರುತ್ತದೋ ಹಾಗೆ ಕೊಡುತ್ತೇನೆ, ಬೆರಕೆ ಇದೆಯೆಂದು ನನಗೆ ಗೊತ್ತಿತ್ತು ಎಂದ. ಅತ್ತೆ ಗೆದ್ದಿದ್ದರು, ಎದ್ದು ಬರಬಹುದಿತ್ತು. ಆದರೆ ಮುಳ್ಳು ಇನ್ನೂ ಒಳಗಿತ್ತಲ್ಲ.

"ಎಣ್ಣೆ ಹಾಳಾಗ್ಲಿ. ನಮ್ಮನೆ ನೀರು ಯಾಕೆ ಕುಡೀಲಿಲ್ಲ ಹೇಳ್ರಿ. ಜಾತಿ ಅಡ್ಡ ಬಂತಾ?"

ಅವನು ತಲೆಯೆತ್ತಲಿಲ್ಲ. "ಜಾತಿ ಅಲ್ಲಮ್ಮ. ನೀರು ಕುಡಿದ ಮನೇಲಿ ಸುಳ್ಳು ಹೇಳಬಾರದು ಅಂತ ನಮ್ಮ ತಾಯಿ ಹೇಳ್ತಿದ್ರು. ಈ ಕೆಲಸದಲ್ಲಿ ಸುಳ್ಳು ಬಿಡೋಕಾಗಲ್ಲ. ಅದಕ್ಕೆ ನೀರು ಬಿಟ್ಟೆ."

ಅತ್ತೆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೇರವಾಗಿ ಅಮ್ಮನ ಕಡೆ ತಿರುಗಿ, ಒಂದು ಲೋಟ ನೀರು ತರ್ರಿ ಎಂದರು. ಅಮ್ಮ ತಂದಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ, ಪೂರ್ತಿ ಕುಡಿದ. ಲೋಟ ಕೆಳಗಿಟ್ಟ ಮೇಲೆ ಆಡಿದ ಮೊದಲ ಮಾತು ಇದು: "ಅಮ್ಮ, ಉಣುಗಿಗೆ ಇದನ್ನ ನಂಬ್ಕೋಬೇಡಿ. ಆಸ್ಪತ್ರೇಲಿ ಕೊಡೋದನ್ನೇ ಹಚ್ಚಿ." ಅಮ್ಮ ತನ್ನ ಕಾಲುಗಳನ್ನು ನೋಡಿಕೊಂಡಳು. ಇಷ್ಟು ದಿನ ಬಂದ ಮಾತುಗಳಲ್ಲಿ ಬೆಲೆಯಿದ್ದ ಮಾತು ಇದೊಂದೇ, ಅದು ಒಂದು ಲೋಟ ನೀರಿಗೆ ಬಂತು.

ಆಮೇಲೆ ಅವನು ನಮ್ಮ ಎರಡೂ ಮನೆಗಳಿಗೆ ಬಾಟಲಿ ತರಲಿಲ್ಲ. ಬಂದರೆ ಮಜ್ಜಿಗೆ ಕುಡಿದು ಹೋಗುತ್ತಿದ್ದ. ರುದ್ರೇಶ ಮಾತ್ರ ಏನೂ ಆಗದವನಂತೆ ಮತ್ತೊಮ್ಮೆ ಊಟದ ಹೊತ್ತಿಗೆ ಬಂದ. ಬಾಗಿಲಿಗೆ ಬಂದವನನ್ನು ಹಸಿದು ಕಳಿಸುವುದು ಅತ್ತೆಯ ಕೈಲಾಗದ ಕೆಲಸ. ಬಡಿಸಿದರು. ಎದುರಿಗೆ ಕಲೆಯಾದ ಕ್ಯಾಲೆಂಡರಿನ ಹಾಳೆಯನ್ನು ಗೋಡೆಗೆ ಸಿಕ್ಕಿಸಿದ್ದರು. ಅವನು ಅದನ್ನು ನೋಡಿದ, ಎಂಟೂ ರೊಟ್ಟಿ ತಿಂದ, ಕೈ ತೊಳೆದು ಹೋದ. "ಅವನಲ್ಲಿ ಬೆರಕೆ ಇಲ್ದಿದ್ದು ಹಸಿವು ಒಂದೇ ನೋಡು" ಎಂದರು ಅತ್ತೆ. ಓಣಿಯ ಹೆಂಗಸರ ಮುಂದೆಯೂ ಹೀಗೇ ಹೇಳಿ, ತಾವೇ ಮೊದಲು ನಕ್ಕು, ಹೋದ ಹೆಸರನ್ನು ಅರ್ಧ ವಾಪಸು ತಂದುಕೊಂಡರು.

ಆದರೆ ನಾನು ಹೇಳಬೇಕೆಂದಿದ್ದು ಸೊರಬದಿಂದ ಹಿಂದಿರುಗಿದ ಆ ಬಸ್ಸಿನ ಮಾತು. ಅತ್ತೆ ಕಿಟಕಿಯ ಕಡೆ ಕೂತು ಹೊರಗಿನ ಗದ್ದೆಗಳನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ನೋಡದೆಯೇ, "ಅವತ್ತು ಪಾಯಸ ನೀನು ಹಸಿದೇ ಹಾಕಿಸ್ಕೊಂಡ್ಯಾ?" ಎಂದು ಕೇಳಿದರು. ನಾನು ಕಾದಿದ್ದ ಪ್ರಶ್ನೆ, ಹೆದರಿದ್ದ ಪ್ರಶ್ನೆ. ಸುಳ್ಳು ಹೇಳಬಹುದಿತ್ತು. ಆದರೆ ಅವರ ಮನೆಯ ನೀರನ್ನು ನಾನು ಎಷ್ಟು ಕೊಡ ಕುಡಿದಿರಲಿಲ್ಲ! ಇಲ್ಲ ಅತ್ತೆ, ಅಮ್ಮ ನಿಮ್ಮನ್ನು ನೋಡಿದ ಗಾಬರಿಯಲ್ಲಿ ನಿಮ್ಮ ಎಲೆಗೆ ಹಾಕಬೇಕಾದ್ದನ್ನು ನನ್ನ ಎಲೆಗೆ ಸುರಿದುಬಿಟ್ಟಳು, ಬಿಟ್ಟರೆ ಮದುವೆ ಮುರಿಯುತ್ತದೆಂದು ಕಷ್ಟಪಟ್ಟು ಉಂಡೆ ಎಂದೆ.

ಅತ್ತೆ ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ನಕ್ಕರು. ಕಣ್ಣೊರೆಸಿಕೊಂಡು, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, "ಹಂಗಾದ್ರೆ ನನ್ನ ಲೆಕ್ಕ ತಪ್ಪಿದ್ದೂ ಒಳ್ಳೇದೇ ಆತು ಬಿಡು" ಎಂದರು. ಶಿಕಾರಿಪುರ ಬರುವವರೆಗೂ ಆ ಕೈ ಬಿಡಲಿಲ್ಲ. ಅತ್ತೆ ಹೋಗಿ ಈಗ ವರ್ಷಗಳಾದವು.

ಅರೆ, ಈ ಹುಡುಗಿ ಇನ್ನೂ ಮುಗಿಸಿಲ್ಲ. ನಂಬಿಕೆ, ಪಾರದರ್ಶಕತೆ ಎಲ್ಲ ಆಗಿ ಈಗ ಕುಟುಂಬಕ್ಕೆ ಬಂದಿದ್ದಾಳೆ. ನಮ್ಮ ಕಂಪನಿ ಅಂದ್ರೆ ಒಂದು ಕುಟುಂಬ ಇದ್ದಂಗೆ ಆಂಟಿ ಎನ್ನುತ್ತಿದ್ದಾಳೆ. ಬಿಸಿಲಲ್ಲಿ ಸುತ್ತಿ ಬಂದದ್ದಕ್ಕೆ ಮುಖ ಬೆವರಿದೆ, ಧ್ವನಿ ಕಟ್ಟಿದೆ. ಬಂದಾಗಲೇ ನಾನು ತಂದಿಟ್ಟಿದ್ದ ನೀರಿನ ಲೋಟ ಟೀಪಾಯಿಯ ಮೇಲೆ ಹಾಗೇ ಇದೆ. ಒಳ್ಳೆಯ ಹುಡುಗಿ. ಇನ್ನು ಎದುರಾಳಿ ಕಂಪನಿಯ ಬಗ್ಗೆ ಹೇಳ್ತೀನಿ ಎನ್ನುತ್ತ ಆಕೆ ಲೋಟಕ್ಕೆ ಕೈ ಚಾಚಿದಳು.

ನಾನು ಲೋಟವನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ. "ಇರು ಮಗಳೇ, ಮೊದಲು ಹೇಳೋದೆಲ್ಲ ಹೇಳಿ ಮುಗಿಸು. ನೀರು ಆಮೇಲೆ ಕುಡಿಯುವೆಯಂತೆ."